ಹತ್ತಿ ತುಂಬಿದ ತೋಳು

ಹತ್ತಿಯ ವಾಸನೆ ಬಂದರೆ ನನಗೆ ಎಡಗೈ ತುರಿಸುತ್ತದೆ. ಇರುವ ಭಾಗ ತುರಿಸಿದರೆ ಕೆರೆದುಕೊಳ್ಳಬಹುದು. ತುರಿಸುವುದು ಇಲ್ಲದ ಭಾಗ. ಡಾಕ್ಟರಿಗೆ ಹೇಳಿದರೆ ನಕ್ಕಾರು ಎಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಗುವುದಾದರೆ ನಗಿ.

ನಿನ್ನೆ ನಿಟ್ಟುವಳ್ಳಿಯ ನಮ್ಮ ಮನೆಯ ಮುಂದೆ ಗಾದಿ ಹೊಲಿಯುವವನೊಬ್ಬ ಬಂದು ಕೂತ. ನನ್ನ ಹೆಂಡತಿ ಗೌರಮ್ಮ, ಮಲಗಿದರೆ ಬೆನ್ನಿಗೆ ಗುದ್ದುತ್ತಿದ್ದ ನಮ್ಮ ಹಳೆಯ ಗಾದಿಯನ್ನು ಎಳೆದು ತಂದು ಅವನ ಮುಂದೆ ಕೆಡವಿದಳು. ಅವನು ಅದರ ಹೊಟ್ಟೆ ಸೀಳಿ, ಗಂಟು ಕಟ್ಟಿದ್ದ ಹತ್ತಿಯನ್ನೆಲ್ಲ ಹೊರತೆಗೆದು ಹಿಂಜತೊಡಗಿದ. ಬಿಸಿಲಿನಲ್ಲಿ ಎಳೆಗಳು ಹಾರಿ ಬಂದು ನನ್ನ ಮೀಸೆಯ ಮೇಲೆ ಕೂತವು. ಅಷ್ಟೇ ನೋಡಿ, ಕೈ ಶುರುಮಾಡಿತು.

ಆ ಕೈಯ ಪರಿಚಯ ಮಾಡಿಕೊಡದೆ ಮುಂದೆ ಹೋಗುವುದು ಮರ್ಯಾದೆಯಲ್ಲ. ಭುಜದಿಂದ ಮೊಳಕೈವರೆಗೆ ಅದು ಎಲ್ಲರ ಕೈಯಂತೆಯೇ ಇದೆ. ಅಲ್ಲಿಂದ ಕೆಳಗೆ ಒಂದು ಗೇಣು, ಅದೂ ಸಣ್ಣ ಹುಡುಗರ ಗೇಣು. ತುದಿಗೆ ಐದು ಬೆರಳು. ಮಗುವಿನ ಬೆರಳಿನಷ್ಟೇ ಇದ್ದರೂ ಲೆಕ್ಕಕ್ಕೆ ಸರಿಯಾಗಿವೆ. ನಾನು ಹುಟ್ಟಿದ್ದೇ ಹೀಗೆ. ಹೆರಿಗೆ ಮಾಡಿಸಿದ ಸೂಲಗಿತ್ತಿ ನಮ್ಮವ್ವನಿಗೆ, ‘ಅಳಬ್ಯಾಡ ಬಿಡವ್ವಾ. ಮದ್ಲು ಬಲಗೈ ಬೆಳೀಲಿ, ಆಮ್ಯಾಲೆ ಇದರ ಪಾಳಿ’ ಎಂದಿದ್ದಳಂತೆ. ಎಂಬತ್ತರ ಹತ್ತಿರ ಬಂದೆ, ಇನ್ನೂ ಪಾಳಿ ಬಂದಿಲ್ಲ. ಎಡಗೈ ಬೇಡವೆಂದು ಬಿಟ್ಟದ್ದನ್ನೆಲ್ಲ ಬಲಗೈ ಬಾಚಿಕೊಂಡಿರಬೇಕು. ಅದು ಊರಿನವರ ಕೈಗಿಂತ ಮೂರು ಬೆರಳು ಉದ್ದ ಬೆಳೆಯಿತು.

ನಮ್ಮ ಕಾಲದಲ್ಲಿ ಹುಟ್ಟಿದ ದಿನದ ಕಾಗದ ಯಾರ ಹತ್ತಿರವೂ ಇರುತ್ತಿರಲಿಲ್ಲ. ಶಾಲೆಗೆ ಸೇರಿಸಲು ಹೋದರೆ ಮೇಷ್ಟರು ಹುಡುಗನನ್ನು ನಿಲ್ಲಿಸಿ, ಕೈಯನ್ನು ನೆತ್ತಿಯ ಮೇಲಿಂದ ತಂದು ಆಚೆ ಕಡೆಯ ಕಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ವಯಸ್ಸಾಗಿದೆ, ಮುಟ್ಟದಿದ್ದರೆ ಬರುವ ವರ್ಷ ಬಾ. ನನ್ನ ಬಲಗೈ ನಾಲ್ಕು ವರ್ಷಕ್ಕೇ ಎಡಗಿವಿಯನ್ನು ಹಿಡಿದು ಹಿಂಡಿಯೇ ಬಿಟ್ಟಿತು. ಸೇರಿಸಿಕೊಂಡರು. ಎಡಗೈಯಲ್ಲಿ ಮುಟ್ಟಿಸಿದ್ದರೆ ಇವತ್ತಿಗೂ ನನಗೆ ಶಾಲೆಗೆ ಸೇರುವ ವಯಸ್ಸಾಗಿರುತ್ತಿರಲಿಲ್ಲ.

ಶಾಲೆ ಬಿಟ್ಟದ್ದೂ ಕೈಯಿಂದಲೇ. ನಾಲ್ಕನೇ ಕ್ಲಾಸಿಗೆ ಬಂದ ಹೊಸ ಮೇಷ್ಟರಿಗೆ ಹುಡುಗರೆಲ್ಲ ಕೈ ಕಟ್ಟಿಯೇ ಕೂರಬೇಕು. ನಾನು ಕಟ್ಟಿದರೆ ಎಡಗೈ ನಿಲ್ಲದೆ ಜಾರಿ, ನೇರವಾಗಿ ಅವರ ಕಡೆಗೆ ಬೆರಳು ಮಾಡುತ್ತಿತ್ತು. ‘ಏನ್ಲೇ, ನನಗೇ ಬೆರಳು ತೋರಸ್ತೀಯಾ?’ ಎಂದರು. ‘ಅದು ನನ್ ಮಾತು ಕೇಳಂಗಿಲ್ಲ ಸಾರ್’ ಎಂದೆ. ನಿಜವನ್ನೇ ಹೇಳಿದ್ದೆ. ಅವರು ಬಲಗೈ ಚಾಚಿಸಿ ಛಡಿಯಿಂದ ಆರು ಬಾರಿಸಿದರು. ತಪ್ಪು ಮಾಡಿದ್ದು ಒಂದು ಕೈ, ಏಟು ತಿಂದದ್ದು ಇನ್ನೊಂದು. ಇಂಥ ನ್ಯಾಯ ನಡೆಯುವ ಕಡೆ ನಮಗೇನು ಕೆಲಸ ಎಂದು ಸ್ಲೇಟು ಬಗಲಿಗಿಟ್ಟುಕೊಂಡು ಹೊರಬಿದ್ದೆ. ಮಿಕ್ಕ ವಿದ್ಯೆಯನ್ನೆಲ್ಲ ಹೂವು ಸುತ್ತಿ ಕೊಡುವ ಹಳೆಯ ಪೇಪರಿನಲ್ಲಿ ಓದಿಕೊಂಡೆ. ಅದಕ್ಕೇ ಎಷ್ಟೋ ಸುದ್ದಿಗಳ ಅರ್ಧ ಭಾಗ ಮಾತ್ರ ನನಗೆ ಗೊತ್ತು; ಉಳಿದರ್ಧ ಗಿರಾಕಿಗಳ ಮನೆಗೆ ಹೋಯಿತು.

ಹೂವು ಎಂದೆನಲ್ಲ, ನಮ್ಮದು ಹೂವಿನ ಮನೆತನ. ಅಪ್ಪ ಬೇಗ ತೀರಿಕೊಂಡಿದ್ದ. ಅವ್ವ ಮನೆಯಲ್ಲಿ ಕೂತು ಕಟ್ಟುತ್ತಿದ್ದಳು, ನಾನು ದಾವಣಗೆರೆಯ ಪೇಟೆಯಲ್ಲಿ ಕೂತು ಮಾರುತ್ತಿದ್ದೆ. ಗಿರಾಕಿ ಇಲ್ಲದಾಗ ಅಲ್ಲೇ ಕಟ್ಟುತ್ತಲೂ ಇದ್ದೆ. ಬಾಳೆನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಎಡಗೈಯ ಪುಟ್ಟ ಬೆರಳುಗಳಲ್ಲಿ ಹೂವು ಜೋಡಿಸಿ ಹಿಡಿದು, ಬಲಗೈಯಲ್ಲಿ ಗಂಟು ಹಾಕಬೇಕು. ಹೊಗಳಿಕೊಳ್ಳುತ್ತೇನೆ ಎನ್ನಬೇಡಿ, ಮಲ್ಲಿಗೆ ಮೊಗ್ಗನ್ನು ನಜ್ಜುಗುಜ್ಜು ಮಾಡದೆ ಹಿಡಿಯಲು ಅಂಥ ಬೆರಳೇ ಸರಿ. ನಮ್ಮ ಸಾಲಿನಲ್ಲಿ ನನ್ನಷ್ಟು ಒತ್ತಾಗಿ ಕಟ್ಟುವವರು ಇನ್ನೊಬ್ಬರಿರಲಿಲ್ಲ.

ಹೂವನ್ನು ಮೊಳದಲ್ಲಿ ಮಾರುವುದು ನಿಮಗೆ ಗೊತ್ತಿದ್ದದ್ದೇ. ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ಸರ ಹಿಡಿದರೆ ಒಂದು ಮೊಳ. ಮಾರುವವನ ಕೈಯೇ ಅಳತೆಗೋಲು. ಹಾಗಾಗಿ ಪೇಟೆಯಲ್ಲಿ ನನಗೆ ಬಿದ್ದ ಹೆಸರು ಅರ್ಧಮೊಳ. ಯಾರೂ ಹಿಂದೆ ಆಡುತ್ತಿರಲಿಲ್ಲ, ಎದುರಿಗೇ ಕರೆಯುತ್ತಿದ್ದರು, ನಾನು ಓಗೊಡುತ್ತಿದ್ದೆ. ಅಳೆಯುವುದು ಮಾತ್ರ ಬಲಗೈಯಲ್ಲಿ. ‘ಅರ್ಧಮೊಳನ ಮೊಳದಷ್ಟು ಮೊಳ ಇಡೀ ಪೇಟೆಯಾಗೆ ಯಾರದೂ ಇಲ್ಲ’ ಎಂದು ಹೆಣ್ಣುಮಕ್ಕಳು ಹುಡುಕಿಕೊಂಡು ಬರುತ್ತಿದ್ದರು. ಪಕ್ಕದ ಅಂಗಡಿಯವರಿಗೆ ಹೊಟ್ಟೆಯುರಿ. ಯಾರಾದರೂ ಚೌಕಾಸಿಗೆ ನಿಂತರೆ ನಾನು ಬಲಗೈ ಕೆಳಗಿಟ್ಟು ಎಡಗೈ ಎತ್ತುತ್ತಿದ್ದೆ. ‘ಆತು ತಾಯಿ, ನೀವು ಹೇಳಿದ ರೇಟಿಗೇ ಕೊಡ್ತೀನಿ. ಆದ್ರೆ ಅಳೆಯೋದು ಇದರಾಗೆ.’ ಸುತ್ತ ನಿಂತವರೆಲ್ಲ ಗೊಳ್ಳೆನ್ನುತ್ತಿದ್ದರು, ಅವರೂ ನಕ್ಕು ಕೇಳಿದಷ್ಟು ಕೊಟ್ಟು ಹೋಗುತ್ತಿದ್ದರು.

ಗಜ ಹೋಗಿ ಮೀಟರು ಬಂದ ಹೊಸತು. ಅಳತೆ ನೋಡುವ ಸಾಹೇಬರೊಬ್ಬರು ಬಟ್ಟೆ ಅಂಗಡಿಗಳ ಕಬ್ಬಿಣದ ಪಟ್ಟಿಗೆಲ್ಲ ಮುದ್ರೆ ಒತ್ತಿಸಿಕೊಂಡು ನಮ್ಮ ಸಾಲಿಗೂ ಬಂದರು. ‘ನಿನ್ ಅಳತೆ ಎಲ್ಲಿ?’ ಎಂದರು. ಎರಡೂ ಕೈ ಮುಂದೆ ಚಾಚಿ, ‘ಯಾವುದಕ್ಕೆ ಮುದ್ರೆ ಒತ್ತತೀರಿ ನೋಡ್ರಿ ಸಾಹೇಬ್ರೆ’ ಎಂದೆ. ಅವರು ಒಮ್ಮೆ ಈ ಕೈ, ಒಮ್ಮೆ ಆ ಕೈ ನೋಡಿ, ‘ಒಂದರಾಗೆ ಗಿರಾಕಿಗೆ ಮೋಸ, ಇನ್ನೊಂದರಾಗೆ ನಿನಗೇ ಮೋಸ’ ಎಂದು ನಗುತ್ತಾ ಮುಂದೆ ಹೋದರು.

ಇಷ್ಟೆಲ್ಲ ಕೇಳಿ ನೀವು, ಇವನು ಭಾರೀ ಎದೆಗಾರ ಎಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ಹೆಣ್ಣು ನೋಡಲು ಭಾನುವಳ್ಳಿಗೆ ಹೋಗುವವರೆಗೆ. ಅಲ್ಲಿ ನಾನು ತಟ್ಟೆಯಲ್ಲಿಟ್ಟ ಮಂಡಕ್ಕಿ ತಿನ್ನುತ್ತಿದ್ದೆ. ಬಾಗಿಲ ಸಂದಿಯಿಂದ ನೋಡಿದ ಹುಡುಗಿ ಒಳಗೆ ಹೋಗಿ ತಾಯಿಗೆ ಹೇಳಿದ್ದು ನನಗೂ ಕೇಳಿಸಿತು. ‘ಯವ್ವಾ, ಅದನ್ನ ಎದುರಿಗಿಟ್ಕೊಂಡು ನಾ ದಿನಾ ಹೆಂಗೆ ಉಣ್ಲಿ?’ ಪೇಟೆಯಲ್ಲಾಗಿದ್ದರೆ ಇದಕ್ಕೆ ನನ್ನಲ್ಲಿ ಹತ್ತು ಉತ್ತರಗಳಿರುತ್ತಿದ್ದವು. ಅಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಮಂಡಕ್ಕಿಯ ತಟ್ಟೆ ಸರಿಸಿ ಎದ್ದು ಬಂದೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳೂ ನಿಜವನ್ನೇ ಹೇಳಿದ್ದು.

ಮುಂದಿನ ಹೆಣ್ಣು ಹರಿಹರದ್ದು. ಸಂಬಂಧ ತಂದವನು ನನ್ನ ಸೋದರಮಾವ ರುದ್ರಪ್ಪ. ಹತ್ತಿ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸ ಅವನಿಗೆ. ಹೊರಡುವುದಕ್ಕೆ ಒಂದು ವಾರ ಮೊದಲೇ ಬಂದು ಕೂತ.

‘ಅಲ್ಲಲೇ, ಈ ಕೈ ತಗೊಂಡು ಹೆಣ್ಣು ನೋಡಾಕ ಹೋಗ್ತಾರೇನು?’

‘ಮನ್ಯಾಗ ಬಿಟ್ಟು ಬರ್ಲೇನು ಮಾವ?’

‘ಬಾಯಿ ಮುಚ್ಚು. ಒಂದು ಕೋಟು ಹೊಲಿಸೋಣ. ಎಡಗಡೆ ತೋಳಿನಾಗೆ ಹತ್ತಿ ತುಂಬಿ ತುದೀನ ಜೇಬಿನಾಗೆ ಇಳಿಬಿಡು. ದಾವಣಗೆರೆ ಹುಡುಗ, ಜೇಬಿನಾಗೆ ಕೈ ಇಟ್ಕೊಂಡೇ ಮಾತಾಡ್ತಾನೆ, ಏನು ಗತ್ತು ಅಂತಾರೆ.’

‘ಮದ್ವಿ ಆದ್ಮ್ಯಾಲೆ ಗೊತ್ತಾಗಂಗಿಲ್ಲೇನು?’

‘ಮದ್ವಿ ಆದ್ಮ್ಯಾಲೆ ಗಂಡನ ಕೈ ಯಾರು ಅಳೀತಾರಲೇ!’

ಒಪ್ಪಬಾರದಿತ್ತು. ಒಪ್ಪಿದೆ. ಇನ್ನೊಂದು ಬಾಗಿಲ ಸಂದಿಯಿಂದ ಇನ್ನೊಂದು ಅಂಥ ಮಾತು ಕೇಳುವ ಶಕ್ತಿ ನನ್ನಲ್ಲಿರಲಿಲ್ಲ. ಅವ್ವ ಮಾತ್ರ, ‘ನಾ ಹೆತ್ತ ಕೈಗೆ ಇವನ್ಯಾಕ ಹತ್ತಿ ತುಂಬ್ತಾನೆ?’ ಎಂದು ಎರಡು ದಿನ ತಮ್ಮನ ಜೊತೆ ಮಾತು ಬಿಟ್ಟಳು.

ಟೇಲರು ಕೋಟು ಹೊಲಿದ. ಮಾವ ಜಿನ್ನಿನಿಂದ ಹತ್ತಿ ತಂದು ಗಿಡಿದು ಗಿಡಿದು ತುಂಬಿದ. ಅದರಲ್ಲಿ ಅಲ್ಲಲ್ಲಿ ಬೀಜ ಉಳಿದಿತ್ತು. ಬೇಸಿಗೆ ಬೇರೆ. ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ತೋಳಿನೊಳಗೆ ಬೆವರು, ಬೆವರಿಗೆ ಹತ್ತಿ ಅಂಟಿ ತುರಿಕೆ. ಕೆರೆದುಕೊಳ್ಳೋಣವೆಂದರೆ ಎಲ್ಲಿ ಕೆರೆದರೂ ಹತ್ತಿಯೇ ಸಿಗುತ್ತದೆ. ರೈಲಿನಲ್ಲಿ ಟಿಕೀಟು ನೋಡುವವರು ಬಂದರು. ಟಿಕೀಟು ಎಡಗಡೆಯ ಜೇಬಿನಲ್ಲಿತ್ತು. ಅದರ ಮೇಲೆ ಹತ್ತಿಯ ಕೈ ಕೂತಿತ್ತು. ನಾನು ಬಲಗೈಯಿಂದ ಎಡಗೈಯನ್ನು ಕಿತ್ತು ಸೀಟಿನ ಮೇಲೆ ಇಟ್ಟು, ಟಿಕೀಟು ತೆಗೆದು ಕೊಟ್ಟು, ಮತ್ತೆ ಕೈಯನ್ನು ಜೇಬಿಗೆ ಸೇರಿಸಿದೆ. ಅವರು ಟಿಕೀಟು ನೋಡಲೇ ಇಲ್ಲ.

ಹರಿಹರದಲ್ಲಿ ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಆ ಮನೆ. ಹುಡುಗಿಯ ಅಪ್ಪ ಹಾಲಪ್ಪ ಅಂತ, ದಪ್ಪ ದನಿಯ ಮನುಷ್ಯ. ಅವರದೂ ಹೂವಿನ ಮನೆತನವೇ. ಚಾಪೆ ಹಾಸಿದರು, ಕೂತೆವು. ಹುಡುಗಿ ಚಹಾ ತಂದಿಟ್ಟು ತಲೆಯೆತ್ತಿ ಒಂದು ಸಲ ನೋಡಿ ಒಳಬಾಗಿಲಲ್ಲಿ ನಿಂತಳು. ಕಡ್ಡಿಯಂಥ ಹುಡುಗಿ, ದೊಡ್ಡ ಕಣ್ಣು. ನನಗಂತೂ ಅಲ್ಲೇ ಮುಗಿಯಿತು. ಮಾವ ನನ್ನ ಗುಣಗಾನ ಶುರುಮಾಡಿದ್ದ. ನಾನು ಜೇಬಿನಲ್ಲಿ ‘ಕೈ’ ಇಟ್ಟುಕೊಂಡು ಗತ್ತಿನಿಂದ ಬೆವರುತ್ತಿದ್ದೆ.

ಆಗ ಹಿತ್ತಲ ಕಡೆಯಿಂದ ಹುಡುಗಿಯ ಅಜ್ಜಿ ಬಂದಳು. ನೋಡಿದವನೇ ಮುಖವನ್ನು ಗೋಡೆಯ ಕಡೆ ತಿರುಗಿಸಿದೆ. ಯಾಕೆಂದರೆ ಈ ನೀಲಮ್ಮಜ್ಜಿ ವಾರಕ್ಕೆರಡು ಸಲ ರೈಲಿಗೆ ದಾವಣಗೆರೆಗೆ ಬಂದು, ನನ್ನ ಹತ್ತಿರವೇ ಹತ್ತು ಮೊಳ ಮಲ್ಲಿಗೆ ಕೊಳ್ಳುತ್ತಿದ್ದ ಗಿರಾಕಿ! ನನ್ನ ಪಾಲಿಗೆ ಅವಳು ಬರೀ ‘ಹರಿಹರದಜ್ಜಿ’. ಯಾರ ಮನೆ, ಯಾರ ತಾಯಿ ಎಂದು ಎಂದೂ ಕೇಳಿರಲಿಲ್ಲ. ಅಜ್ಜಿಯದು ಗುಬ್ಬಿಯಂಥ ಮೈ, ಗಿಡ್ಡ ತೋಳು. ನನ್ನ ಉದ್ದ ಕೈಯಲ್ಲಿ ಅಳೆಸಿಕೊಂಡ ಹತ್ತು ಮೊಳ, ಹರಿಹರದಲ್ಲಿ ಮಾರುವಾಗ ಅವಳ ಕೈಗೆ ಹನ್ನೆರಡೂವರೆ ಮೊಳವಾಗುತ್ತಿತ್ತು. ಅದೇ ಅವಳ ಲಾಭ.

ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ಎಡಗೈ ಯಾವಾಗ ಬೆಳೀತಪ್ಪಾ? ಬುಧವಾರ ಇರ್ಲಿಲ್ಲಲ್ಲ!’

ಅಜ್ಜಿ ಬಗ್ಗಿ ನನ್ನ ತೋಳನ್ನು ಚಿವುಟಿದಳು. ಹೊಲಿಗೆ ಬಿಟ್ಟ ಸಂದಿಯಿಂದ ಒಂದು ಹಿಡಿ ಹತ್ತಿ ಹೊರಗೆ ಬಂತು. ಅದನ್ನು ಬೆಳಕಿಗೆ ಹಿಡಿದು, ‘ಹತ್ತಿ ಛಲೋ ಐತೆ. ಒಂದು ತಲೆದಿಂಬು ಆಗ್ತೈತೆ’ ಎಂದಳು.

ಹಾಲಪ್ಪ ಎದ್ದು ನಿಂತರು. ‘ಏನ್ರೀ ಇದು?’

‘ಏನಿಲ್ರೀ, ಚಳಿಗೆ ಅಂತ...’ ಎಂದ ಮಾವ.

‘ಬ್ಯಾಸಿಗ್ಯಾಗೆ ಯಾವ ಚಳಿರೀ? ಅದೂ ಒಂದೇ ಕೈಗೆ?’ ಹಾಲಪ್ಪನವರ ದನಿ ಓಣಿಗೆಲ್ಲ ಕೇಳಿಸಿತು. ‘ಕೈ ಗಿಡ್ಡ ಇದ್ರೆ ಇರ್ಲಿರೀ, ದೇವರು ಕೊಟ್ಟದ್ದು. ಹತ್ತಿ ತುಂಬಿದೋರು ನೀವು. ಇನ್ನೇನೇನು ಮುಚ್ಚಿ ತಂದೀರೋ! ಕಾಲಿನಾಗೂ ಹತ್ತಿ ಐತೇನು, ತೋರಸ್ರಿ!’

ಮಾವ ನಿಜವಾಗಿಯೂ ನನ್ನ ಪಂಚೆ ಮೇಲೆತ್ತಿ ತೋರಿಸಲು ಕೈ ಹಾಕಿದ. ನಾನು ಅವನ ಕೈ ತಳ್ಳಿ ಎದ್ದೆ. ಕೋಟು ಬಿಚ್ಚಿ ಚಾಪೆಯ ಮೇಲಿಟ್ಟೆ. ಇಟ್ಟರೆ ಆ ಹಾಳು ತೋಳು ಮಲಗಲಿಲ್ಲ; ನಮ್ಮ ಜೊತೆ ಬಂದ ಇನ್ನೊಬ್ಬ ನೆಂಟನಂತೆ ನೆಟ್ಟಗೆ ಕೂತಿತು. ಅಂಗಿಯ ತೋಳನ್ನು ಮೊಳಕೈ ಮೇಲಕ್ಕೆ ಮಡಚಿದೆ. ಬೆವರಿಗೆ ಹತ್ತಿ ಮೆತ್ತಿಕೊಂಡು ಕೈ ಕುರಿಮರಿಯ ಹಾಗೆ ಕಾಣುತ್ತಿತ್ತು.

‘ತಪ್ಪು ಮಾವಂದಲ್ಲ, ನಂದು’ ಎಂದೆ. ‘ಇದನ್ನ ಇಡೀ ಪೇಟೆಗೆ ತೋರ್ಸೀನಿ, ನಿಮ್ಮವ್ವಗ ಗೊತ್ತೈತೆ. ನಿಮ್ಮ ಮಗಳಿಗೆ ತೋರ್ಸಾಕ ಹೆದರಿಕೆ ಆತು. ಅಷ್ಟೇ ರೀ. ಬರ್ತೀವಿ.’

ಹೊರಡಲು ತಿರುಗಿದೆ. ಒಳಬಾಗಿಲಿನಿಂದ ದನಿ ಬಂತು. ‘ಮೊಳ ಯಾವ ಕೈಲಿ ಹಾಕ್ತೀರಿ?’

ಹುಡುಗಿ ನೇರವಾಗಿ ಕೈಯನ್ನೇ ನೋಡುತ್ತಿದ್ದಳು, ಕಣ್ಣು ತಪ್ಪಿಸುತ್ತಿರಲಿಲ್ಲ. ಭಾನುವಳ್ಳಿಯಲ್ಲಿ ಹೂತುಹೋಗಿದ್ದ ನನ್ನ ನಾಲಿಗೆ ಹೇಗೋ ಎದ್ದಿತು.

‘ರೇಟಿಗೆ ಒಪ್ಪಿದೋರಿಗೆ ಬಲಗೈ. ಚೌಕಾಸಿ ಮಾಡೋರಿಗೆ ಇದು.’

‘ನಾ ಭಾಳ ಚೌಕಾಸಿ ಮಾಡ್ತೀನಿ’ ಎಂದಳು.

‘ಗೌರೀ, ಒಳಗೆ ನಡಿ!’ ಎಂದು ಅಪ್ಪ ಗುಡುಗಿದರು. ಅವಳು ಹೋದಳು. ಆದರೆ ಒಳಗಿನಿಂದ ನಗು ಕೇಳಿಸಿತು, ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯದ ನಗು. ನನ್ನ ಕೈ ನೋಡಿ ನಕ್ಕವರು ಸಾವಿರ ಜನ. ಇನ್ನೊಂದು ಸಲ ಕೇಳಬೇಕು ಅನ್ನಿಸಿದ್ದು ಆ ನಗು ಒಂದೇ.

ಹಾಲಪ್ಪ ‘ಹೋಗ್ಬರ್ರಿ’ ಎಂದರು. ವಾಪಸು ಬರುವಾಗ ಮಾವ ಕೋಟನ್ನು ತೊಡೆಯ ಮೇಲೆ ಮಲಗಿಸಿಕೊಂಡು, ‘ಇನ್ನೊಂದು ಹೊಲಿಗೆ ಹಾಕಿದ್ರೆ ಯಾವ ಮುದುಕಿಗೂ ಗೊತ್ತಾಗ್ತಿರ್ಲಿಲ್ಲ’ ಎಂದು ಟೇಲರನ್ನು ಬೈಯುತ್ತಲೇ ಇದ್ದ.

ಬುಧವಾರ ಬಂತು, ಅಜ್ಜಿ ಬರಲಿಲ್ಲ. ಶನಿವಾರ ಬಂತು, ಅಜ್ಜಿ ಬರಲಿಲ್ಲ. ಹೆಣ್ಣೂ ಹೋಯಿತು, ಗಿರಾಕಿಯೂ ಹೋದಳು ಎಂದುಕೊಂಡೆ. ಆ ದಿನಗಳಲ್ಲಿ ಚೌಕಾಸಿ ಮಾಡಿದವರಿಗೆ ನಾನು ಎಡಗೈ ತೋರಿಸಲಿಲ್ಲ. ಕೇಳಿದ ರೇಟಿಗೆ ಕೊಟ್ಟು ಕಳಿಸಿದೆ. ಪಕ್ಕದ ಅಂಗಡಿಯವನು, ‘ಯಾಕ್ಲೇ ಅರ್ಧಮೊಳ, ಜ್ವರ ಬಂದೈತೇನು?’ ಎಂದ.

ಅದರ ಮುಂದಿನ ಬುಧವಾರ ಹರಿಹರದ ರೈಲು ಬಂದ ಹೊತ್ತಿಗೆ ಬುಟ್ಟಿಯ ಮುಂದೆ ಗುಬ್ಬಿಯಂಥ ನೆರಳು ನಿಂತಿತು.

‘ಹತ್ತು ಮೊಳ ಹಾಕು. ಬಲಗೈಲಿ.’

ಹಾಕಿದೆ. ಅಜ್ಜಿ ಪ್ರತಿ ಮೊಳವನ್ನೂ ಕಣ್ಣಿಟ್ಟು ನೋಡಿದಳು. ಹತ್ತನೆಯದಾದ ಮೇಲೆ ಸರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತ ಹೇಳಿದಳು.

‘ಹುಡುಗಿ ಒಪ್ಪ್ಯಾಳೆ. ಒಂದು ಮಾತು ಹೇಳಿ ಕಳಿಸ್ಯಾಳೆ. ಮದ್ವಿ ದಿನ ಕೋಟು ಬ್ಯಾಡಂತೆ, ಶಾಲು ಬ್ಯಾಡಂತೆ. ಅರ್ಧ ತೋಳಿನ ಅಂಗಿ ಹಾಕ್ಕಂಡು ಕೂಡಬೇಕಂತೆ. ಬಂದೋರೆಲ್ಲ ಅವತ್ತೊಂದಿನ ಕಣ್ತುಂಬ ನೋಡಿ ಮುಗಿಸ್ಲಿ, ಆಮ್ಯಾಲೆ ದಿನಾ ಬಂದು ಇಣುಕಬಾರದು ಅಂತಾಳೆ.’

‘ನಿಮ್ಮ ಮಗ ಏನಂದ್ರು ಅಜ್ಜಿ?’

‘ಎಂಟು ದಿನ ಕುಣಿದ. ನನ್ನ ಹೊಟ್ಟ್ಯಾಗ ಹುಟ್ಟಿದೋನು, ಎಷ್ಟು ಕುಣೀತಾನೆ?’ ಎಂದು ತನ್ನ ಬುಟ್ಟಿ ಎತ್ತಿಕೊಂಡಳು. ‘ಇನ್ಮ್ಯಾಲೆ ನಾ ನಿಮ್ಮ ಬೀಗರಾಕಿ. ಮೊಳ ಇನ್ನೊಂದೀಟು ಸಡ್ಲ ಹಾಕು.’

ಮದುವೆ ಹರಿಹರದಲ್ಲೇ ಆಯಿತು. ಅರ್ಧ ತೋಳಿನ ಬಿಳಿ ಅಂಗಿ ಹಾಕಿಕೊಂಡು ಚಪ್ಪರದಡಿ ಕೂತೆ. ಎರಡೂ ಕಡೆಯ ಬಳಗ ಬಂದು ಅಕ್ಷತೆಗಿಂತ ಮೊದಲು ಕೈ ನೋಡಿತು. ಮುದುಕರು ಮುಟ್ಟಿಯೂ ನೋಡಿದರು. ಮಾವ ನಾಚಿಕೆಯಿಂದ ಅಡುಗೆಯವರ ಹತ್ತಿರ ಹೋಗಿ ಕೂತಿದ್ದ. ಅದೇನೋ ಮೊದಲರ್ಧ ಗಂಟೆ ಬೆಂಕಿಯ ಹತ್ತಿರ ಕೂತಂತಿತ್ತು. ಆಮೇಲೆ ನೋಡುವವರಿಗೇ ಬೇಸರ ಬಂತು. ಹೋಳಿಗೆಯ ಕಡೆ ಗಮನ ಹೋಯಿತು.

ತಾಳಿ ಕಟ್ಟುವ ಹೊತ್ತಿನಲ್ಲಿ ಮಾತ್ರ ಯಾರೂ ಯೋಚಿಸದ ಒಂದು ಸಂಗತಿ ಎದುರಾಯಿತು. ಎದುರಿಗೆ ಕೂತವಳ ಕೊರಳಿನ ಹಿಂದೆ ಗಂಟು ಹಾಕಲು ಎರಡೂ ಕೈ ಅಲ್ಲಿಗೆ ಮುಟ್ಟಬೇಕು. ಬಲಗೈ ಆರಾಮವಾಗಿ ಹೋಗಿ ಕಾಯುತ್ತ ನಿಂತಿತು. ಎಡಗೈ ಅವಳ ಭುಜದ ಹತ್ತಿರವೇ ಮುಗಿಯಿತು. ವಾಲಗದವರು ಗಟ್ಟಿಮೇಳ ಎತ್ತಿಬಿಟ್ಟಿದ್ದಾರೆ. ಅಕ್ಷತೆ ಬೀಳುತ್ತಿದೆ. ಯಾರೋ, ‘ಹುಡುಗನ ಅಕ್ಕ ಕಟ್ಲಿ, ಅಕ್ಕ ಕಟ್ಲಿ’ ಎಂದು ಕೂಗಿದರು. ನನಗೆ ಅಕ್ಕನೇ ಇರಲಿಲ್ಲ. ಹಾಲಪ್ಪನವರ ಮುಖ ಕಪ್ಪಿಟ್ಟಿತು.

ಗೌರಿ ತಲೆ ತಗ್ಗಿಸಿಕೊಂಡೇ ಇದ್ದಳು. ತಗ್ಗಿಸಿಕೊಂಡೇ, ಕೂತಲ್ಲಿಂದಲೇ ಮುಂದಕ್ಕೆ ಸರಿದಳು. ಇನ್ನೊಂದು ಚೂರು ಸರಿದಳು. ಅವಳ ಬಾಸಿಂಗ ನನ್ನ ಎದೆಗೆ ಒತ್ತುವವರೆಗೆ ಸರಿದಳು. ಪುಟ್ಟ ಬೆರಳುಗಳಿಗೆ ದಾರದ ತುದಿ ಸಿಕ್ಕಿತು. ಗಂಟು ಹಾಕುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರನ್ನೂ ಮಲ್ಲಿಗೆ ಕಟ್ಟಿದಂತೆ ಬಿಗಿಯಾಗಿ ಹಾಕಿದೆ.

‘ಏ ಹುಡುಗಿ, ಅಷ್ಟ್ಯಾಕ ಅವಸರ!’ ಎಂದು ಹಿಂದಿನಿಂದ ಒಬ್ಬಳು ಕೂಗಿದಳು. ಇಡೀ ಚಪ್ಪರ ನಕ್ಕಿತು. ನನ್ನ ಎದೆಯ ಹತ್ತಿರ ಗೌರಿಯೂ ನಕ್ಕಳು, ಈ ಸಲ ಸೆರಗು ಒತ್ತಿಕೊಳ್ಳದೆ.

ಹೀಗೆ ನಿನ್ನೆ ಕಟ್ಟೆಯ ಮೇಲೆ ಕೂತು ಹರಿಹರದಲ್ಲಿ ಓಡಾಡುತ್ತಿದ್ದೆ. ಗಾದಿಯವನು ಹತ್ತಿ ಹಿಂಜಿ ಮುಗಿಸಿ, ಹೊಸ ಬಟ್ಟೆಯೊಳಗೆ ತುಂಬಿ, ಬಾಯಿ ಹೊಲಿಯಲು ದಬ್ಬಣ ತೆಗೆದ. ‘ಯಜಮಾನ್ರೆ, ಈ ಅಂಚು ಒಂದೀಟು ಹಿಡ್ಕೊಳ್ರಿ’ ಎಂದ. ಬಲಗೈ ಚಾಚಿ ಹಿಡಿದೆ. ಹೇಳಲು ಮರೆತೆ, ಎರಡು ವರ್ಷದಿಂದ ನನ್ನ ಬಲಗೈ ನಡುಗುತ್ತದೆ. ಅಷ್ಟು ಮೆರೆದ ಕೈ, ಚಹಾದ ಲೋಟವನ್ನೂ ಈಗ ಅಂಗಿಯ ಮೇಲೇ ಬಗ್ಗಿಸುತ್ತದೆ. ಬಟ್ಟೆ ಅಲುಗಾಡಿ ದಬ್ಬಣ ಗುರಿ ತಪ್ಪಿತು. ಗಾದಿಯವನು ಸಂಕೋಚದಿಂದ ಬೇರೆ ಕಡೆ ನೋಡಿದ.

ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಗೌರಮ್ಮ ಮೊರದಿಂದ ತಲೆಯೆತ್ತಲಿಲ್ಲ. ‘ಆ ಕೈ ಕೆಲಸಕ್ಕೆ ಬರಂಗಿಲ್ಲ, ಬಿಡ್ರಿ. ನಿಮ್ಮ ಒಳ್ಳೇ ಕೈಲಿ ಹಿಡೀರಿ’ ಎಂದಳು.

ನಾನು ಒಂದು ಗಳಿಗೆ ಯಾವುದು ಎಂದು ಯೋಚಿಸಿದೆ ನೋಡಿ, ಅಷ್ಟು ಪೆದ್ದ ನಾನು. ಆಮೇಲೆ ಕಟ್ಟೆಯಿಂದ ಕೆಳಗಿಳಿದು ನೆಲದ ಮೇಲೆ, ಗಾದಿಗೆ ಮೈ ತಾಗುವಷ್ಟು ಹತ್ತಿರ ಕೂತೆ. ಗೇಣುದ್ದದ ಕೈಗೆ ದೂರ ಕೂತು ಮಾಡುವ ಕೆಲಸ ಬರುವುದಿಲ್ಲ. ಐದು ಬೆರಳಲ್ಲಿ ಅಂಚನ್ನು ಜೋಡಿಸಿ ಹಿಡಿದೆ. ಸ್ವಲ್ಪವೂ ಅಲುಗಲಿಲ್ಲ. ದಬ್ಬಣ ಹೋಗಿ ಬಂದು, ಹೋಗಿ ಬಂದು ಮಾಡಿತು. ಹತ್ತಿ ಮೂಗಿಗೆ ಹೋಗಿ ಎರಡು ಸೀನು ಬಂದವು, ಅಂಚು ಬಿಡಲಿಲ್ಲ. ಗಾದಿಯವನು ಈಗ ಕೈಯನ್ನೇ ನೋಡುತ್ತಿದ್ದ.

‘ಭಾಳ ಗಟ್ಟಿ ಹಿಡಿತಾವಲ್ರೀ ಈ ಬೆರಳು!’ ಎಂದ.

‘ಮೂರು ಗಂಟು ಹಾಕಿದ ಬೆರಳಪ್ಪ’ ಎಂದಳು ಗೌರಮ್ಮ, ಕಲ್ಲು ಆರಿಸಿ ಅಂಗಳಕ್ಕೆಸೆಯುತ್ತ. ‘ಇನ್ನೂ ಒಂದೂ ಬಿಚ್ಚಿಲ್ಲ.’